ಕಕ್ಷಿದಾರರ ಕುರ್ಚಿಯಲ್ಲಿ ಕೂರುವ ವಕೀಲ

ನನ್ನ ತಮ್ಮನ ಬಾಯಿಂದ ದಿನವಿಡೀ ಉದುರುವ ಮಾತು ಒಂದೇ: ‘ಅಂದರೆ?’ ಅದನ್ನು ಅವನು ಜಗಳಕ್ಕೆಂದು ಕೇಳುವುದಿಲ್ಲ, ಪಾಂಡಿತ್ಯ ಮೆರೆಯಲೆಂದೂ ಅಲ್ಲ. ಕತ್ತನ್ನು ತುಸು ಎಡಕ್ಕೆ ವಾಲಿಸಿ, ಕನ್ನಡಕದ ಮೇಲಿನಿಂದ ನೋಡುತ್ತ, ಆಡಿದ ಮಾತಿನ ಅರ್ಥ ಆಡಿದವರಿಗೇ ಗೊತ್ತಿದೆಯೋ ಇಲ್ಲವೋ ಎಂಬ ಕುತೂಹಲದಿಂದ ಕೇಳುತ್ತಾನೆ. ಆ ಕುತೂಹಲ ಪ್ರಾಮಾಣಿಕವಾದದ್ದು ಎಂಬುದೇ ಜನರಿಗೆ ತಡೆಯಲಾಗದ ಸಂಗತಿ. ಹಂಗಿಸುವವನಿಗೆ ತಿರುಗಿ ಹಂಗಿಸಬಹುದು, ನಿಜವಾಗಿ ಕೇಳುವವನಿಗೆ ಉತ್ತರ ಕೊಡಲೇಬೇಕಾಗುತ್ತದೆ. ನ್ಯಾಯಾಲಯದ ಆವರಣದಲ್ಲಿ ಅವನ ಸ್ವಂತ ಹೆಸರು ಬಲ್ಲವರು ಕಡಿಮೆ, ‘ಅಂದರೆ ವಕೀಲರು’ ಎಂದರೆ ಗೇಟಿನ ಕಾವಲುಗಾರನೂ ಕೈ ತೋರಿಸುತ್ತಾನೆ. “ಊಟಕ್ಕೆ ಏಳಿ ಅಂದ್ರೂ ‘ಅಂದರೆ?’ ಅಂತಾರೆ ಅತ್ತಿಗೆ, ಇವರ ಜೊತೆ ಹೇಗೆ ಬಾಳಿದೀನಿ ಅಂತ ನೀವೇ ಒಂದು ಪುಸ್ತಕ ಬರೀರಿ,” ಎಂದು ಅವನ ಹೆಂಡತಿ ನನ್ನಲ್ಲಿ ದೂರುತ್ತಾಳೆ. ಪುಸ್ತಕ ಬರೆಯುವಷ್ಟು ತಾಳ್ಮೆ ನನಗಿಲ್ಲ. ಇಷ್ಟು ಬರೆದೇನು.

ಅವನ ನಡಿಗೆಗೆ ನೇರ ಎಂಬುದಿಲ್ಲ. ಕಡತಗಳನ್ನು ಕಂಕುಳಲ್ಲಿ ಅವುಚಿಕೊಂಡು ರಸ್ತೆಯ ಅಂಚಿನಲ್ಲಿ ಹೊರಡುವವನು, ಯಾವುದೋ ಪದ ತಲೆಯಲ್ಲಿ ತೊಡರಿದೊಡನೆ ನಡುರಸ್ತೆಯಲ್ಲಿ ನಿಂತುಬಿಡುತ್ತಾನೆ; ಹಿಂದಿನಿಂದ ಬಂದ ಸೈಕಲ್ಲಿನವರು ಬೈದುಕೊಂಡು ಬಳಸಿ ಹೋಗುತ್ತಾರೆ. ಕೋಟು ಒಂದು ಕಾಲದಲ್ಲಿ ಕಪ್ಪಗಿತ್ತು. ಈಗ ಅದಕ್ಕೆ ಹಳೆಯ ಕಬ್ಬಿಣದ ಬಾಣಲೆಯ ಬಣ್ಣ ಬಂದಿದೆ, ಮೊಣಕೈಗಳು ಕನ್ನಡಿಯಂತೆ ಹೊಳೆಯುತ್ತವೆ, ನಾಲ್ಕು ಗುಂಡಿಗಳು ನಾಲ್ಕು ಮನೆತನದವು. ಹೊಸದನ್ನು ಹೊಲಿಸೋ ಎಂದರೆ, “ಹೊಸ ಕೋಟು ನೋಡಿದ್ರೆ ಜನ ಸುಮ್ಮನೆ ತಲೆ ಆಡಿಸ್ತಾರೆ ಅಕ್ಕ. ಇದನ್ನ ನೋಡಿದ್ರೆ ‘ಅರ್ಥ ಆಗಲಿಲ್ಲ ಸಾರ್’ ಅಂತ ಹೇಳೋ ಧೈರ್ಯ ಬರುತ್ತೆ,” ಎನ್ನುತ್ತಾನೆ. ಇದರಲ್ಲಿ ಅರ್ಧ ನಿಜ, ಉಳಿದರ್ಧ ದರ್ಜಿಯ ಬಳಿಗೆ ಹೋಗುವ ಸೋಮಾರಿತನ.

ಕಾನೂನು ಓದಿದವರೆಲ್ಲರಂತೆ ಅವನೂ ಲ್ಯಾಟಿನ್ ಸೂತ್ರಗಳನ್ನು ಬಾಯಿಪಾಠ ಮಾಡಿದವನೇ. ಆದರೆ ಆ ಸೂತ್ರಗಳನ್ನು ಪರದೇಶದ ನೆಂಟರೆಂದು ಹಜಾರದಲ್ಲಿ ಕೂರಿಸಿ ಬರೀ ಕೈಮುಗಿಯದೆ, ಅಡಿಗೆಮನೆಯವರೆಗೆ ಕರೆದೊಯ್ದು ಬಳಕೆಗೆ ತಂದವನು ಅವನೊಬ್ಬನೇ ಎಂದು ನನ್ನ ತಿಳಿವಳಿಕೆ. ‘ರೆಸ್ ಇಪ್ಸಾ ಲೊಕ್ವಿಟರ್’ ಎಂದರೆ ಸಂಗತಿ ತಾನೇ ಬಾಯಿಬಿಟ್ಟು ಹೇಳುತ್ತದೆ ಎಂದು. ಮಹಡಿಯಿಂದ ಹೂಕುಂಡ ಬಿದ್ದು ದಾರಿಹೋಕನ ತಲೆ ಒಡೆದರೆ, ಕುಂಡ ಇಟ್ಟವರ ಅಜಾಗರೂಕತೆಗೆ ಬೇರೆ ಸಾಕ್ಷಿ ಹುಡುಕಬೇಕಾಗಿಲ್ಲ. ಅವನು ಒಲೆಯ ಮೇಲೆ ಹಾಲಿಟ್ಟು ಪತ್ರಿಕೆಯಲ್ಲಿ ಮುಳುಗಿದ ದಿನ ಅವನ ಹೆಂಡತಿ ತಳಹಿಡಿದ ಪಾತ್ರೆಯನ್ನು ತಂದು ಅವನ ಮುಂದೆ ಕುಕ್ಕಿ, “ನಾನೇನೂ ಹೇಳಲ್ಲ, ಅದೇ ಹೇಳುತ್ತೆ ಕೇಳಿಸ್ಕೊಳ್ಳಿ,” ಎಂದಳು. ‘ಆಡಿ ಆಲ್ಟರಮ್ ಪಾರ್ಟೆಮ್’, ಅಂದರೆ ಎದುರು ಪಕ್ಷದ ಮಾತನ್ನೂ ಕೇಳು ಎಂಬುದನ್ನು ಮಗಳು ಇನ್ನೂ ಲಂಗ ತೊಡುತ್ತಿದ್ದ ವಯಸ್ಸಿನಲ್ಲೇ ಕಲಿತಿದ್ದಳು, ತಾಯಿ ಬೈಯಲು ಬಾಯಿ ತೆರೆದರೆ ಸಾಕು, “ಅಪ್ಪಾ, ಪಾರ್ಟೆಮ್!” ಎಂದು ಕೂಗಿಕೊಂಡು ಓಡಿ ಬರುತ್ತಿದ್ದಳು.

ಒಂದು ಸೂತ್ರದ ಮೇಲೆ ಮಾತ್ರ ಅವನಿಗೆ ಸಿಟ್ಟು. ‘ಇಗ್ನೊರೆನ್ಷಿಯಾ ಜ್ಯೂರಿಸ್ ನಾನ್ ಎಕ್ಸ್‌ಕ್ಯೂಸಾಟ್’: ಕಾನೂನು ಗೊತ್ತಿರಲಿಲ್ಲ ಎಂಬುದು ಕ್ಷಮೆಗೆ ಕಾರಣವಾಗದು. ಇದಿಲ್ಲದೆ ಯಾವ ನ್ಯಾಯಾಲಯವೂ ನಡೆಯದು ಎಂದು ಅವನು ಒಪ್ಪುತ್ತಾನೆ, ಒಪ್ಪಿಯೂ ಗೊಣಗುತ್ತಾನೆ. “ಗೊತ್ತಿರಲೇಬೇಕು ಅಂತ ಹಟ ಹಿಡಿಯೋರು ಗೊತ್ತಾಗೋ ಹಾಗೆ ಹೇಳಲೂಬೇಕಲ್ಲ ಅಕ್ಕ. ಅದಕ್ಕೊಂದು ಲ್ಯಾಟಿನ್ ಇದೆಯಾ ಹೇಳು.” ನಾನು ಆಯುಸ್ಸೆಲ್ಲ ಹಳೆಯ ಭಾಷೆಗಳನ್ನು ಪಾಠ ಮಾಡಿದವಳು, ಹುಡುಕಿ ನೋಡಿದೆ, ಸಿಗಲಿಲ್ಲ.

ಈ ಗೊಣಗಾಟದಿಂದಲೇ ಹುಟ್ಟಿದ್ದು ಅವನ ಕುರ್ಚಿಯ ಪದ್ಧತಿ. ಅವನ ಕಚೇರಿ ಒಂದೇ ಕೋಣೆ. ಮೇಜಿನ ಆಚೆ ಅವನು ಕೂರುವ, ಸುತ್ತುವ ಗಾಲಿಯ ಕುರ್ಚಿ, ಈಚೆ ಕಕ್ಷಿದಾರರ ಮರದ ಕುರ್ಚಿ. ತಡೆಯಾಜ್ಞೆಯೋ, ಜಾಮೀನೋ, ರಾಜಿಯೋ, ಯಾವ ಕಾಗದವಾದರೂ ಸಹಿಯ ಹಂತಕ್ಕೆ ಬಂದಾಗ ಅವನು ಎಲ್ಲವನ್ನೂ ವಿವರಿಸಿ ಮುಗಿಸಿ ಎದ್ದು ನಿಲ್ಲುತ್ತಾನೆ. ಕಕ್ಷಿದಾರರನ್ನು ಗಾಲಿಯ ಕುರ್ಚಿಗೆ ಕಳಿಸಿ ತಾನು ಮರದ ಕುರ್ಚಿಯಲ್ಲಿ ಕೂರುತ್ತಾನೆ. “ಈಗ ನೀವು ವಕೀಲರು, ನಾನು ಏನೂ ತಿಳೀದೋನು. ನನಗೆ ಹೇಳಿ. ಇದಕ್ಕೆ ಸಹಿ ಹಾಕಿದ್ರೆ ನನಗೇನಾಗುತ್ತೆ?” ಬಂದವರು ಮೊದಲು ನಗುತ್ತಾರೆ, ಆಮೇಲೆ ಬೆವರುತ್ತಾರೆ. ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿತೆಂದರೆ ಗೆದ್ದೆವೆಂದೇ ತಿಳಿದವರು, ಎದುರು ಪಕ್ಷ ಬಾರದಿದ್ದಾಗ ಕೊಡುವ ಏಕಪಕ್ಷೀಯ ತೀರ್ಪೆಂದರೆ ನ್ಯಾಯಾಧೀಶರು ಒಬ್ಬರ ಕಡೆ ವಾಲಿದ್ದಾರೆಂದು ನಂಬಿ ಅವರನ್ನು ಶಪಿಸುತ್ತಿದ್ದವರು, ಎಲ್ಲರ ಬಂಡವಾಳವೂ ಆ ಕುರ್ಚಿಯಲ್ಲಿ ಬಯಲಾಗುತ್ತದೆ. ತಪ್ಪಿದರೆ ಮತ್ತೆ ಮೊದಲಿನಿಂದ. ಒಮ್ಮೆ ದೊಡ್ಡ ವ್ಯಾಪಾರಿಯೊಬ್ಬ, “ನಾನು ಬಂದಿರೋದು ವಕೀಲರ ಹತ್ರ ರೀ, ಮೇಷ್ಟ್ರ ಹತ್ರ ಅಲ್ಲ,” ಎಂದು ಎದ್ದು ಹೋದ. ಹೋಗಲಿ ಬಿಡು ಎಂದೂ ಇವನು ಅನ್ನಲಿಲ್ಲ. ಬಾಗಿಲವರೆಗೆ ಹಿಂದೆಯೇ ಹೋಗಿ, “ಆ ಮೂರನೇ ಕಲಮು ಮಾತ್ರ ಯಾರ ಹತ್ರನಾದ್ರೂ ಕೇಳಿ ತಿಳ್ಕೊಳ್ಳಿ,” ಎಂದು ಹೇಳಿ ಬಂದ.

ಈ ಹಟ ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು ನಾನು ಕಣ್ಣಾರೆ ಕಂಡದ್ದು, ಒಂದು ಅಫಿಡವಿಟ್ಟಿನ ಕೆಲಸಕ್ಕಾಗಿ ಅವನೊಡನೆ ನ್ಯಾಯಾಲಯಕ್ಕೆ ಹೋಗಿದ್ದ ದಿನ. ಪಡಸಾಲೆಯ ಬೆಂಚಿನಲ್ಲಿ ನಮ್ಮ ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಆಸ್ಪತ್ರೆಯ ಆಯಾಗಳ ನೀಲಿ ಸೀರೆ. ಜೊತೆಯಲ್ಲಿದ್ದ ತಂಗಿಗೆ ಅವಳು ಹೇಳುತ್ತಿದ್ದ ಮಾತುಗಳಿಂದಲೇ ಕಥೆ ನಮಗೆ ತಿಳಿಯಿತು. ಗಂಡ ಮರಗೆಲಸದ ಕಾರ್ಖಾನೆಯೊಂದರಲ್ಲಿ ಬಡಗಿ, ತೀರಿಕೊಂಡಿದ್ದ. ಅವಳು ಹೋಗಿ ಅವನ ಹತ್ಯಾರಗಳ ಪೆಟ್ಟಿಗೆಯನ್ನು ಮನೆಗೆ ತಂದಿದ್ದಳು. ಅದು ಕಾರ್ಖಾನೆಯ ಸೊತ್ತೆಂದು ಮಾಲೀಕ ಕಳ್ಳತನದ ದೂರು ಕೊಟ್ಟಿದ್ದ.

“ಇವತ್ತು ‘ಹೌದು’ ಅಂದ್ಬಿಟ್ರೆ ಕೇಸು ಮುಗಿದೇ ಹೋಗುತ್ತಂತೆ ಕಣೆ. ನಮ್ಮ ಲಾಯರು ಹೇಳಿದಾರೆ.”

“ಮತ್ತೆ ನಿನ್ನ ಕೆಲಸ?”

“ಶಿಕ್ಷೆ ಗಿಕ್ಷೆ ಬಿದ್ರೆ ಮಾತ್ರ ಕೆಲಸ ಇಲ್ಲ ಅಂದಿದಾರೆ ಮೇಟ್ರನ್ನಮ್ಮ. ಮುಗಿದ್ಮೇಲೆ ಶಿಕ್ಷೆ ಎಲ್ಲಿಂದ ಬರುತ್ತೆ?”

ನನ್ನ ತಮ್ಮನ ಕತ್ತು ಎಡಕ್ಕೆ ವಾಲಿತು. ತಪ್ಪು ಒಪ್ಪಿಕೊಂಡರೆ ಕೇಸು ಮುಗಿಯುವುದೇ ಶಿಕ್ಷೆಯಲ್ಲಿ. ಅದು ಬರೀ ಎಚ್ಚರಿಕೆಯಾಗಿದ್ದರೂ ಕಡತದಲ್ಲಿ ಅವಳು ಕಳ್ಳಿಯೇ. ಅವನು ಎದ್ದು ಹೋಗಿ, ಸರ್ಕಾರದಿಂದ ಅವಳಿಗೆ ನೇಮಕವಾಗಿದ್ದ ಕಿರಿಯ ವಕೀಲನ ಕಿವಿಯಲ್ಲಿ ಏನೋ ಹೇಳಿದ. ಆ ಹುಡುಗ ಕೈಗಡಿಯಾರ ನೋಡಿಕೊಂಡು, “ಸಾರ್, ದಯವಿಟ್ಟು ನಿಮ್ಮ ಕುರ್ಚಿಯಾಟ ನನ್ನ ಕಕ್ಷಿದಾರರ ಹತ್ರ ಬೇಡ. ಜಡ್ಜ್ ಸಾಹೇಬ್ರು ಬೈದು ಕಳಿಸ್ತಾರೆ, ಅಷ್ಟೇ,” ಎಂದ. ಅಷ್ಟರಲ್ಲಿ ಅವಳನ್ನು ಒಳಗೆ ಕೂಗಿದರು. ನಾವೂ ಒಳಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು.

ಗುಮಾಸ್ತ ಆರೋಪವನ್ನು ಓದಿದ. ‘ಸದರಿ ಸೊತ್ತನ್ನು ಸದರಿ ಫಿರ್ಯಾದಿಯ ಸ್ವಾಧೀನದಿಂದ, ಆತನ ಸಮ್ಮತಿಯಿಲ್ಲದೆ, ಅಪ್ರಾಮಾಣಿಕ ಉದ್ದೇಶದಿಂದ ಸ್ಥಳಾಂತರಿಸಿ’ ಎಂದು ಒಂದೇ ಉಸಿರಿನಲ್ಲಿ ಸಾಗುವ ಆ ವಾಕ್ಯದ ಕೊನೆಗೆ ನ್ಯಾಯಾಧೀಶರು, “ಒಪ್ಪಿಕೊಳ್ತೀಯೇನಮ್ಮ?” ಎಂದರು. ಮಧ್ಯಾಹ್ನದ ವಿರಾಮ ಹತ್ತಿರವಾಗಿತ್ತು.

“ಹೌದು ಸ್ವಾಮಿ. ನಾನೇ ತಗೊಂಡು ಹೋದೆ.”

ನ್ಯಾಯಾಧೀಶರು ಬರೆಯಲು ಬಾಗಿದರು. ಬಾಣಲೆ ಬಣ್ಣದ ಕೋಟು ಎದ್ದು ನಿಂತಿತು.

“ವಕೀಲರೇ, ಇದು ನಿಮ್ಮ ಕೇಸಲ್ಲ.”

“ಅಲ್ಲ ಸ್ವಾಮಿ. ಅಮಿಕಸ್ ಕ್ಯೂರಿಯಾಗಿ ಒಂದು ಮಾತಿಗೆ ಅಪ್ಪಣೆಯಾಗಬೇಕು.” ಅಮಿಕಸ್ ಕ್ಯೂರಿ ಎಂದರೆ ನ್ಯಾಯಾಲಯದ ಮಿತ್ರ, ಯಾವ ಪಕ್ಷಕ್ಕೂ ಸೇರದೆ, ನ್ಯಾಯಾಲಯ ಎಡವದಿರಲೆಂದು ನೆರವಿಗೆ ನಿಲ್ಲುವ ವಕೀಲ. ಕರೆಯದೆ ಬರುವ ಮಿತ್ರರನ್ನು ಯಾರೂ ಇಷ್ಟಪಡುವುದಿಲ್ಲ. ಕಿರಿಯ ವಕೀಲ ತಲೆ ತಗ್ಗಿಸಿ ಕಾಗದ ಮಡಿಸತೊಡಗಿದ. ನ್ಯಾಯಾಧೀಶರು ಗೋಡೆಯ ಗಡಿಯಾರ ನೋಡಿ, ಇವನನ್ನು ನೋಡಿ, “ಒಂದೇ,” ಎಂದರು.

“ಅಮ್ಮಾ, ಈಗ ಓದಿದ್ರಲ್ಲ, ಅದರಲ್ಲಿ ನಿಮ್ಮ ಮೇಲೆ ಏನು ಹೇಳಿದಾರೆ? ನಿಮ್ಮ ಮಾತಲ್ಲೇ ಹೇಳಿ.”

“ಪೆಟ್ಟಿಗೆ ತಗೊಂಡು ಹೋದೆ ಅಂತ.”

“ಕದ್ದು ತಗೊಂಡು ಹೋದಿರಿ ಅಂತ ಹೇಳಿದಾರೆ.”

ಆ ಹೆಂಗಸು ಗುಮಾಸ್ತನ ಕಡೆ ತಿರುಗಿದಳು, ಅವನು ತನ್ನ ಬೆನ್ನ ಹಿಂದೆ ಚಾಡಿ ಹೇಳಿದ್ದಾನೆಂಬಂತೆ. “ಕದ್ದೆ ಅಂತಲಾ? ಅಯ್ಯೋ, ನಮ್ಮೋರ ಉಳಿಯನ್ನ ನಾನ್ಯಾಕೆ ಕದೀಲಿ ಸ್ವಾಮಿ? ಅದರ ಹಿಡಿ ನೋಡಿ, ಅವರ ಹೆಬ್ಬೆರಳು ಕೂತು ಕೂತು ಗುಳಿ ಬಿದ್ದಿದೆ. ಬೇರೆಯವರ ಕೈಗೆ ಅದು ಕೂರೋದೂ ಇಲ್ಲ. ಹಗಲು ಹೊತ್ತಲ್ಲಿ, ಎಲ್ಲರ ಕಣ್ಣೆದುರಿಗೆ ತಲೆ ಮೇಲೆ ಹೊತ್ತುಕೊಂಡು ಬಂದೆ. ಕದಿಯೋ ಮನಸ್ಸಿದ್ದೋರು ಹಂಗೆ ಬರ್ತಾರಾ?”

ಮನಸ್ಸು ತಪ್ಪಿತಸ್ಥವಾಗಿರದೆ ಕೃತ್ಯವೊಂದೇ ಯಾರನ್ನೂ ಅಪರಾಧಿಯಾಗಿಸದು ಎಂಬುದು ಅಪರಾಧ ಕಾನೂನಿನ ಅಡಿಗಲ್ಲು. ‘ಆಕ್ಟಸ್ ನಾನ್ ಫಾಸಿಟ್ ರಿಯಮ್’ ಎಂದು ಶುರುವಾಗುವ ಅದರ ಲ್ಯಾಟಿನ್ ರೂಪ ಆ ಕೋಣೆಯಲ್ಲಿದ್ದ ಪ್ರತಿ ಕರಿಕೋಟಿನವರಿಗೂ ಗೊತ್ತಿತ್ತು. ನ್ಯಾಯಾಧೀಶರು ಬರೆದದ್ದನ್ನು ಹೊಡೆದುಹಾಕಿ, ಆರೋಪಿ ಅಪರಾಧ ನಿರಾಕರಿಸಿದ್ದಾಳೆಂದು ಬರೆದು, ವಿಚಾರಣೆಗೆ ದಿನ ಕೊಟ್ಟರು. ಏಳುತ್ತ ಇವನನ್ನು ನೋಡಿ, “ನೀವು ಲ್ಯಾಟಿನ್ ಹೇಳ್ತೀರೇನೋ ಅಂದ್ಕೊಂಡೆ,” ಎಂದರು.

“ಆಕೆ ಹೇಳಿದ್ರಲ್ಲ ಸ್ವಾಮಿ.”

ಪಡಸಾಲೆಗೆ ಬಂದ ಮೇಲೆ ಕೃತಜ್ಞತೆಯ ಮಳೆ ಸುರಿಯಿತೆಂದು ಯಾರೂ ಭಾವಿಸಬೇಡಿ. “ಇವತ್ತೇ ಮುಗೀತಿತ್ತು ಸಾರ್, ಇನ್ನು ಅವರು ಅಲೀಬೇಕು,” ಎಂದು ಕಿರಿಯ ವಕೀಲ ಸಿಡುಕಿದ. ಆ ಹೆಂಗಸಂತೂ ವಾರ ಕಳೆಯುವುದರೊಳಗೆ ಇವನ ಕಚೇರಿಗೆ ಬಂದು ಜಗಳ ತೆಗೆದಳು. ಕೇಸು ತೀರುವ ತನಕ ರೋಗಿಗಳ ಹತ್ತಿರ ಬೇಡವೆಂದು ಮೇಟ್ರನ್ ಅವಳನ್ನು ವಾರ್ಡಿನಿಂದ ಬಟ್ಟೆ ಒಗೆಯುವ ಕಡೆಗೆ ಹಾಕಿದ್ದಳು. “ನಿಮ್ಮನ್ನ ಯಾರು ಕೇಳಿದ್ರು ಸಾರ್ ಮಧ್ಯೆ ಬಾಯಿ ಹಾಕೋಕೆ? ಸೋಡಾ ನೀರಲ್ಲಿ ಕೈ ನೋಡಿ ಹೆಂಗಾಗಿದೆ!” ನನ್ನ ತಮ್ಮ ಕೈಗಳನ್ನು ನೋಡಿದ. ನಿಮ್ಮ ಒಳ್ಳೆಯದಕ್ಕೇ ಮಾಡಿದೆ ಎಂಬ, ಒಳ್ಳೆಯದು ಮಾಡಿದವರೆಲ್ಲ ಆಡುವ ಆ ಹೊಲಸು ಮಾತನ್ನು ಅವನು ಆಡಲಿಲ್ಲ. “ಯಾರೂ ಕೇಳಲಿಲ್ಲ ಅಮ್ಮ. ಕೂತ್ಕೊಳ್ಳಿ,” ಎಂದು ಗಾಲಿಯ ಕುರ್ಚಿ ತೋರಿಸಿದ. ಅಲ್ಲಿಂದ ಅವಳ ಕೇಸು ಅವನದೂ ಆಯಿತು. ಆ ಕಿರಿಯ ವಕೀಲನನ್ನು ದೂರ ಮಾಡದೆ, ಅವನನ್ನೂ ಕರೆಸಿ ಮರದ ಕುರ್ಚಿಯಲ್ಲಿ ಕೂರಿಸಿ, ಅವಳಿಂದ ಪಾಠ ಹೇಳಿಸಿದ.

ವಿಚಾರಣೆಯಲ್ಲಿ ಮಾಲೀಕನಿಗೆ ನನ್ನ ತಮ್ಮ ಕೇಳಿದ ಪ್ರಶ್ನೆಗಳು ಚಿಕ್ಕ ಮಕ್ಕಳೂ ಕೇಳಬಹುದಾದಂಥವು.

“ಪೆಟ್ಟಿಗೆ ಹೋದದ್ದು ನಿಮಗೆ ಹೇಗೆ ಗೊತ್ತಾಯ್ತು?”

“ನಾನೇ ಬಾಗಿಲಲ್ಲಿದ್ದೆ. ಹೊತ್ತುಕೊಂಡು ಬಂದಳು.”

“ಏನಂದಿರಿ?”

“ಎಲ್ಲಿಗಮ್ಮ ಅಂದೆ. ಮನೆಗೆ ಅಂದಳು.”

“ಆಮೇಲೆ?”

ಮಾಲೀಕ ದುಷ್ಟನೇನಲ್ಲ, ಪೆಟ್ಟಿಗೆಯಲ್ಲಿ ಕಾರ್ಖಾನೆಯ ಗರಗಸವೂ ಸೇರಿಹೋಗಿದೆಯೆಂದು ಆಮೇಲೆ ಯಾರೋ ಹೇಳಿದ್ದರಿಂದ ಕೆರಳಿದವನು. “ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ,” ಎಂದ. ಅಲ್ಲಿಗೆ ‘ಸಮ್ಮತಿಯಿಲ್ಲದೆ’ ಎಂಬ ಮಾತು ಬಿದ್ದುಹೋಗಿ ಕೇಸಿನಲ್ಲಿ ಹೆಚ್ಚೇನೂ ಉಳಿಯಲಿಲ್ಲ.

ಅವಳು ಖುಲಾಸೆಯಾದಳು. ತೀರ್ಪು ಓದಿದ್ದಾಯಿತು, ಪಡಸಾಲೆಗೆ ಬಂದದ್ದಾಯಿತು. ತಂಗಿ ಅಳುತ್ತಿದ್ದಳು, ಕಿರಿಯ ವಕೀಲ ಎಲ್ಲರ ಕೈ ಕುಲುಕುತ್ತಿದ್ದ. ನನ್ನ ತಮ್ಮ ಮಾತ್ರ ಕಡತವನ್ನು ಕಂಕುಳಿಗೆ ಸೇರಿಸಿಕೊಂಡು ಅವಳ ಎದುರಿಗೆ ಹೋಗಿ ನಿಂತ. “ಖುಲಾಸೆ ಅಂದ್ರೆ ಏನು ಗೊತ್ತಾಯ್ತಾ ಅಮ್ಮ?”

“ಗೊತ್ತಾಯ್ತು ಸಾರ್. ನಾಳೆಯಿಂದ ವಾರ್ಡಿಗೆ ಹೋಗಬಹುದು ಅಂತ,” ಎಂದು ಹೇಳಿ, ಸೆರಗು ಬಿಗಿದುಕೊಂಡು ಅವಳು ಮೆಟ್ಟಿಲಿಳಿದು ಹೋದಳು. ಧನ್ಯವಾದ ಹೇಳಲು ನೆನಪಾಗಲಿಲ್ಲವೋ, ಬೇಕೆನಿಸಲಿಲ್ಲವೋ. ಇವನು, “ಸರಿಯಾಗಿ ಹೇಳಿದರು,” ಎಂದು ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಗೆಲುವಿನ ಹಮ್ಮು ಇರಲಿಲ್ಲ; ಲೆಕ್ಕ ತಾಳೆಯಾದವನ ನೆಮ್ಮದಿ ಇತ್ತು.

ವಿದ್ಯೆ ಕಲಿತವರಲ್ಲಿ ಹೆಚ್ಚಿನವರು ತಾವು ತಿಳಿದದ್ದನ್ನು ಆಡಿದೊಡನೆ ತಮ್ಮ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ; ಕೇಳಿದವರ ಪಾಡು ಕೇಳಿದವರದು. ನಾನೂ ಎಷ್ಟೋ ವರ್ಷ ಹಾಗೆಯೇ ಪಾಠ ಹೇಳಿದೆ, ಹೆಸರೂ ಪಡೆದೆ. ಕೆಲವರು ಮಾತ್ರ ಮಾತು ಆಚೆಯ ದಡ ಮುಟ್ಟಿತೇ ಎಂದು ನೋಡಲು ಈಚೆಯ ದಡದಲ್ಲಿ ಕಾದು ನಿಲ್ಲುತ್ತಾರೆ, ಹಿಂದಿನವರು ಗದರಿದರೂ, ಊಟದ ಹೊತ್ತು ಮೀರಿದರೂ. ಇಂಥವರೊಡನೆ ಬಾಳುವುದು ಸುಲಭವಲ್ಲ, ಅವರ ಹೆಂಡತಿಯರ ದೂರುಗಳೆಲ್ಲ ನ್ಯಾಯವಾದವೇ. ಆದರೆ ತನಗೆ ತಿಳಿಯದ ಭಾಷೆಯಲ್ಲಿ ತನ್ನ ಬಾಳು ತೀರ್ಮಾನವಾಗುತ್ತಿರುವಾಗ, ಕೋಣೆಯಲ್ಲಿ ಅಂಥವನೊಬ್ಬ ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ದೂರ ಎಂಬುದನ್ನು ಕಟಕಟೆಯಲ್ಲಿ ನಿಂತವರೇ ಬಲ್ಲರು.