ಗಾಜಿನಲ್ಲಿ ಐದು ದಿನ

ಒಂದು ಪಟ್ಟಣದ ಸಭಾಮಂಟಪದ ಗೋಡೆಯ ಮೇಲೆ ದೊಡ್ಡ ಮರವೊಂದನ್ನು ಬರೆಸಿದ್ದರು. ಮಗು ಹುಟ್ಟಿದಾಗಲೆಲ್ಲ ಆ ಮನೆತನದ ಕೊಂಬೆಗೆ ಒಂದು ಎಲೆ ಸೇರುತ್ತಿತ್ತು. ಎಲೆಯಿದ್ದ ಮಗುವಿಗೆ ಮಾತ್ರ ಪಟ್ಟಣದ ಶಾಲೆ, ಮುಂದೆ ಪಟ್ಟಣದಲ್ಲೇ ಮದುವೆ. ಮದುವೆಯಾಗಿ ಏಳು ವರ್ಷವಾದರೂ ಎಲೆ ಬಾರದಿದ್ದರೆ ಗಂಡ ಇನ್ನೊಬ್ಬಳನ್ನು ತರಬಹುದೆಂದು ಪಂಚರು ಕಟ್ಟಳೆ ಮಾಡಿದ್ದರು. ಕೊರತೆ ಯಾರದೆಂದು ಯಾರೂ ಕೇಳುತ್ತಿರಲಿಲ್ಲ.

ಕಂಚುಗಾರ ಹಾಲಪ್ಪನ ಹೆಂಡತಿ ದಾನಮ್ಮನಿಗೆ ಮದುವೆಯಾಗಿ ಆರನೆಯ ವರ್ಷ ನಡೆಯುತ್ತಿತ್ತು. ಅವಳು ಕೂತಲ್ಲಿ ಕೂರುತ್ತಿರಲಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುವಳು. ನೆರೆಮನೆಯಲ್ಲಿ ತೊಟ್ಟಿಲ ಶಾಸ್ತ್ರವಾದರೆ ಕರೆಯಿಲ್ಲದಿದ್ದರೂ ಬಾಗಿಲ ತನಕ ಹೋಗಿ, ಒಳಗಿನ ಹಾಡು ಕೇಳಿ ಹಿಂತಿರುಗುವಳು.

ಆ ವರ್ಷ ಹೊಳೆಯಾಚೆ ಒಬ್ಬ ವೈದ್ಯೆ ಆಸ್ಪತ್ರೆ ತೆರೆದಳು. ದಾನಮ್ಮ ಮೊದಲ ವಾರವೇ ಹೋದಳು.

"ನಿಮ್ಮ ಯಜಮಾನರು ಬರಲಿಲ್ಲವೇ?" ಎಂದಳು ವೈದ್ಯೆ.

"ಅವರೇಕೆ ಬರಬೇಕು? ಬಂಜೆ ಅನ್ನಿಸಿಕೊಂಡವಳು ನಾನು."

"ಪರೀಕ್ಷೆ ಇಬ್ಬರಿಗೂ ಆಗಬೇಕಮ್ಮ."

ಹಾಲಪ್ಪ ಮೂರು ವಾರ ಕೆಲಸದ ನೆಪ ಹೇಳಿದ. ಕೊನೆಗೆ ಹೋದ. ಅವನ ವೀರ್ಯದಲ್ಲಿ ವೀರ್ಯಾಣುಗಳು ತೀರಾ ಕಡಿಮೆ ಇದ್ದವು. ಅವುಗಳಲ್ಲಿ ಒಂದನ್ನು ಆರಿಸಿ, ಕೂದಲಿಗಿಂತ ಸಣ್ಣ ಸೂಜಿಯಿಂದ ಹೆಂಡತಿಯ ಅಂಡದೊಳಗೆ ಬಿಟ್ಟು, ಐದು ದಿನ ಗಾಜಿನ ಬಟ್ಟಲಲ್ಲಿ ಬೆಳೆಸಿ ಅವಳ ಗರ್ಭದಲ್ಲಿ ಇಡಬಹುದು ಎಂದು ವೈದ್ಯೆ ವಿವರಿಸಿದಳು. ಹೊಳೆ ದಾಟುವಾಗ ಹಾಲಪ್ಪ ಹೇಳಿದ: "ಇಷ್ಟು ವರ್ಷ ನಿನ್ನನ್ನು ಆಡಿಕೊಂಡರು. ನಾನು ಕೇಳಿಸಿಕೊಂಡು ಸುಮ್ಮನಿದ್ದೆ."

ದಾನಮ್ಮ ದಿನವೂ ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡಳು. ಮೊದಲ ಸಲ ಫಲ ನಿಲ್ಲಲಿಲ್ಲ. ಎರಡನೆಯ ಸಲ, ಫಲ ನಿಂತಿತೋ ಇಲ್ಲವೋ ತಿಳಿಯಲು ಎರಡು ವಾರ ಕಾಯಬೇಕಿತ್ತು. ಅಷ್ಟೂ ದಿನ ಅವಳು ನೆಟ್ಟಗೆ ಉಣ್ಣಲಿಲ್ಲ, ಮಲಗಲಿಲ್ಲ. ಫಲ ನಿಂತಿತು. ಹೆಣ್ಣು ಮಗು ಹುಟ್ಟಿತು.

ಎಲೆ ಬರೆಸಲು ಹೋದಾಗ ಹಾಲಪ್ಪ ನಡೆದದ್ದನ್ನೆಲ್ಲ, ತನ್ನ ಕೊರತೆಯನ್ನೂ ಸೇರಿಸಿ, ಸಭೆಯಲ್ಲಿ ಹೇಳಿದ. ಪಂಚರ ಹಿರಿಯ ನಂಜರಾಜಯ್ಯ ತಲೆಯಾಡಿಸಿದರು. "ಐದು ದಿನ ಗಾಜಿನಲ್ಲಿದ್ದದ್ದು ಈ ಮರದ ಎಲೆಯಲ್ಲ."

"ಒಂಬತ್ತು ತಿಂಗಳು ನನ್ನ ಹೊಟ್ಟೆಯಲ್ಲಿದ್ದಳಲ್ಲ ಅಯ್ಯಾ," ಎಂದಳು ದಾನಮ್ಮ. ಅದನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ.

ಅವಳು ವೈದ್ಯೆಯ ಆಸ್ಪತ್ರೆಯಲ್ಲೇ ಆಯಾ ಆಗಿ ಸೇರಿದಳು. ಕೆಲವೇ ತಿಂಗಳಲ್ಲಿ ಪಟ್ಟಣದವರು ಬರತೊಡಗಿದರು, ಮುಖ ಮುಚ್ಚುವಷ್ಟು ಸೆರಗು ಎಳೆದುಕೊಂಡು, ಬೇರೆ ಹೆಸರು ಬರೆಸಿಕೊಂಡು. ಒಂದೇ ಬೆಂಚಿನ ಮೇಲೆ ಕೂತ ನೆರೆಹೊರೆಯವರು ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ನಂಜರಾಜಯ್ಯನವರ ಸೊಸೆ ಸರ್ವಮಂಗಳೆಯೂ ಬಂದಳು. ಸೂಜಿ ಚುಚ್ಚುವಾಗ ದಾನಮ್ಮ ಅವಳ ಕೈ ಹಿಡಿದುಕೊಂಡಳು, ಹೆಸರು ಹಿಡಿದು ಕರೆಯಲಿಲ್ಲ. ಆರು ವರ್ಷದಲ್ಲಿ ಗೋಡೆಯ ಮರಕ್ಕೆ ಅಂಥ ಹನ್ನೊಂದು ಎಲೆಗಳು ಬಂದವು.

ಮಗಳಿಗೆ ಶಾಲೆಯ ವಯಸ್ಸಾದಾಗ ದಾನಮ್ಮ ಎಲೆ ಕೇಳಲು ಅವಳನ್ನು ಕರೆದುಕೊಂಡು ಮತ್ತೆ ಸಭೆಗೆ ಹೋದಳು. ನಂಜರಾಜಯ್ಯ ಕೇಳಿದರು: "ಇನ್ನೂ ಕೆಲವರು ಹೊಳೆಯಾಚೆ ಹೋಗುತ್ತಾರೆಂದು ಗುಸುಗುಸು ಇದೆ. ನೀನು ಅಲ್ಲೇ ಇರುವವಳು. ನಮ್ಮವರು ಯಾರನ್ನಾದರೂ ಕಂಡಿದ್ದೀಯಾ?"

ಮೆಟ್ಟಿಲ ಬಳಿ ಮಕ್ಕಳು ಕುಂಟಾಬಿಲ್ಲೆ ಆಡುತ್ತಿದ್ದರು. ಯಾರು ಯಾರು ಗಾಜಿನಲ್ಲಿದ್ದವರೆಂದು ದಾನಮ್ಮನಿಗೆ ಗೊತ್ತಿತ್ತು. ಅವಳು ಹೆಸರು ಹೇಳಿದರೆ ಆ ಎಲೆಗಳನ್ನು ಕೆರೆದು ಹಾಕುತ್ತಿದ್ದರು.

"ಇಲ್ಲ ಅಯ್ಯಾ. ಯಾರನ್ನೂ ಕಂಡಿಲ್ಲ."

"ಹಾಗಾದರೆ ನಿನ್ನದೊಂದೇ. ಒಂದು ಮಗುವಿಗಾಗಿ ಕಟ್ಟಳೆ ಬದಲಿಸಲಾಗದು. ಒಪ್ಪುವವರು ಕೈ ಎತ್ತಿ."

ಎಲ್ಲರೂ ಎತ್ತಿದರು. ಮೊದಲು ಎದ್ದದ್ದು ಆ ಹನ್ನೊಂದು ಮನೆಯವರ ಕೈಗಳು.

ದಾನಮ್ಮ ಮಗಳ ಕೈ ಹಿಡಿದು ಬಿರಬಿರನೆ ನಡೆದಳು. ತಿರುವಿನಲ್ಲಿ ಸರ್ವಮಂಗಳೆ ಏದುಸಿರು ಬಿಡುತ್ತ ಬಂದು ಸೇರಿಕೊಂಡಳು.

"ಅಕ್ಕಾ, ಗುರುವಾರ ಡಾಕ್ಟರಮ್ಮ ಇರುತ್ತಾರಾ? ಎರಡನೆಯ ಮಗುವಿಗೆ ಬರಬೇಕಿತ್ತು."

ದಾನಮ್ಮ ಅವಳನ್ನೇ ನೋಡಿದಳು. "ಇರುತ್ತಾರೆ. ನಿನ್ನ ಮಾವನವರಿಗೆ ಗೊತ್ತಾದರೆ?"

"ಕೇಳಿಕೊಂಡು ಬಾ ಅಂತ ಕಳಿಸಿದವರೇ ಅವರು," ಎಂದಳು ಸರ್ವಮಂಗಳೆ. "ಹೋದ ಸಲವೂ ಗಾಡಿ ಕಟ್ಟಿಸಿದ್ದು ಅವರೇ ಅಲ್ಲವೇ?"