ಅಜ್ಜಿ ಹಿಡಿದ ಸ್ಟೂಲು

"ಹಾಜರಿ ಅಂದ್ರೆ ಜಾಗ ಖಾಲಿ ಇರಬಾರದು ಅಂತ ತಾನೇ ಮೇಷ್ಟ್ರೇ? ಖಾಲಿ ಎಲ್ಲಿದೆ? ನಾನು ಕೂತಿದ್ದೀನಲ್ಲ!"

ಹೀಗೆಂದವರು ಎಪ್ಪತ್ತರ ಹತ್ತಿರದ ಒಬ್ಬ ಅಜ್ಜಿ. ಕೂತಿದ್ದು ನಮ್ಮ ತರಬೇತಿ ಕೇಂದ್ರದ ಕಿಟಕಿ ಪಕ್ಕದ ಸ್ಟೂಲಿನ ಮೇಲೆ. ಆ ಸ್ಟೂಲು ಅವರ ಮೊಮ್ಮಗಳದ್ದು.

ಸ್ಕೂಲು ಅರ್ಧಕ್ಕೆ ಬಿಟ್ಟ ಹುಡುಗ ಹುಡುಗಿಯರಿಗೆ ನಾನಲ್ಲಿ ಫ್ಯಾನು, ಪಂಪಿನ ಮೋಟಾರುಗಳಿಗೆ ತಂತಿ ಸುತ್ತುವುದನ್ನು ಕಲಿಸುತ್ತೇನೆ. ಆರು ತಿಂಗಳು ಮುಗಿಸಿದವರನ್ನು ರಿಪೇರಿ ಅಂಗಡಿಯವರೇ ಬಂದು ಕರೆದುಕೊಂಡು ಹೋಗುತ್ತಾರೆ. ಇರುವುದು ಎಂಟು ಸ್ಟೂಲು, ಕಾಯುವವರು ಇಪ್ಪತ್ತು ಜನ. ಹಾಗಾಗಿ ಕೇಂದ್ರ ನಡೆಸುವ ಮೇಡಂ ಬಾಗಿಲಿಗೆ ನಿಯಮ ಅಂಟಿಸಿದ್ದಾರೆ: ಸತತ ಮೂರು ದಿನ ಬಾರದವರ ಸ್ಟೂಲು ನಾಲ್ಕನೆಯ ದಿನ ಬೇರೆಯವರಿಗೆ. ರಜೆ ಚೀಟಿ ಗೀಟಿ ನಡೆಯುವುದಿಲ್ಲ. ಹಿಂದಿನ ತಂಡದಲ್ಲೊಬ್ಬ ತನಗಿದ್ದೊಬ್ಬ ಅಜ್ಜಿಯನ್ನು ಮೂರು ಸಲ ಸಾಯಿಸಿ ರಜೆ ತೆಗೆದುಕೊಂಡಿದ್ದ. ಈಗ ನೋಡಿದರೆ ಬದುಕಿರುವ ಅಜ್ಜಿಯೇ ಬಂದು ಕೂತಿದ್ದಾರೆ.

ಆದದ್ದಿಷ್ಟು. ಮೊಮ್ಮಗಳು ಅಟ್ಟ ಗುಡಿಸುವಾಗ ಕಣ್ಣಿಗೆ ಕಸ ಬಿದ್ದು, ಉಜ್ಜಿ ಉಜ್ಜಿ ಗಾಯ ಮಾಡಿಕೊಂಡಿದ್ದಳು. ಡಾಕ್ಟರು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ನಾಲ್ಕು ದಿನ ಬಿಚ್ಚಕೂಡದು ಎಂದಿದ್ದರು.

ಮೇಡಂ ಹಾಜರಿ ಪುಸ್ತಕ ಹಿಡಿದು ಬಂದರು. "ಅಜ್ಜಿ, ಅರ್ಜಿಯಲ್ಲಿ ವಯಸ್ಸು ಹತ್ತೊಂಬತ್ತು ಅಂತಿದೆ."

"ಸರಿಯಾಗೇ ಇದೆ. ನನಗೂ ಹತ್ತೊಂಬತ್ತು ಆಗಿತ್ತು. ಆಗಿ ಸ್ವಲ್ಪ ದಿನ ಆಯ್ತು ಅಷ್ಟೆ."

ನಗಬಾರದೆಂದು ನಾನು ಬೋರ್ಡಿನ ಕಡೆ ತಿರುಗಿಕೊಂಡೆ. ಮೇಡಂ ಮಾತ್ರ ಜಗ್ಗುವವರಲ್ಲ.

"ನಿಮ್ಮ ಹಾಜರಿ ಅವಳ ಲೆಕ್ಕಕ್ಕೆ ಹಾಕಕ್ಕಾಗಲ್ಲ. ಆದ್ರೆ ಒಂದು ಕೆಲಸ ಮಾಡಿ. ಈ ನಾಲ್ಕು ದಿನದ ಪಾಠವನ್ನ ನೀವು ಮನೆಗೆ ಒಯ್ದು ಅವಳಿಗೆ ಕಲಿಸಿ. ಐದನೇ ದಿನ ಅವಳು ಒಂದು ಫ್ಯಾನು ಸುತ್ತಿ, ಜೋಡಿಸಿ, ತಿರುಗಿಸಿ ತೋರಿಸಲಿ. ಆಗ ಸ್ಟೂಲು ಉಳಿಯತ್ತೆ. ಇಲ್ಲದಿದ್ರೆ ಹೆಸರು ಹೊಡೆದುಹಾಕ್ತೀನಿ."

"ಆಗಲಿ ಬಿಡಿ" ಎಂದ ಅಜ್ಜಿ ಚೀಲದಿಂದ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ ಹಾಕಿಕೊಂಡರು. "ಶುರು ಮಾಡಿ ಮೇಷ್ಟ್ರೇ, ಹೊತ್ತಾಯ್ತು."

ಮೂವತ್ತು ವರ್ಷ ತಂತಿ ಸುತ್ತಿದ ನನಗೆ ಇಂಥ ಶಿಷ್ಯೆ ಸಿಕ್ಕಿರಲಿಲ್ಲ. ಕೂದಲಿನಂಥ ತಾಮ್ರದ ತಂತಿಯನ್ನು ಮುನ್ನೂರಿಪ್ಪತ್ತು ಸುತ್ತು ಸುತ್ತಬೇಕು, ಎಣಿಕೆ ತಪ್ಪಿದರೆ ಮೊದಲಿನಿಂದ. ಅಜ್ಜಿ ಪಕ್ಕದವನಿಗೆ ಸೊಸೆಯ ತವರಿನ ಕಥೆಯನ್ನೆಲ್ಲ ಹೇಳುತ್ತಲೇ ಸುತ್ತಿದರು. ಕೊನೆಗೆ, "ಮುನ್ನೂರಿಪ್ಪತ್ತು. ಎಣಿಸಿಕೊಳ್ಳಿ" ಎಂದರು. ಎಣಿಕೆ ತಪ್ಪಿದ್ದು ಆ ಪಕ್ಕದವನಿಗೆ. ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಾರದ ಅವನನ್ನು ನಾವೆಲ್ಲ ಗಡಿಯಾರ ಎನ್ನುತ್ತೇವೆ.

"ಅಜ್ಜೀ, ನಿಮ್ಮ ಬಾಯಿಗೊಂದು ಸ್ವಿಚ್ ಇಲ್ವಾ?" ಎಂದ.

"ಇದೆಯಪ್ಪಾ. ನಿನ್ನ ಅಲಾರಮ್ಮಿನ ಹಾಗೆ ಅದೂ ಕೆಟ್ಟುಹೋಗಿದೆ."

ಮೂರನೆಯ ಸಂಜೆ ಎಲ್ಲರೂ ಹೋದ ಮೇಲೂ ಅಜ್ಜಿ ಕೂತೇ ಇದ್ದರು. ಮೊಮ್ಮಗಳು ಮುಟ್ಟಿ ಮುಟ್ಟಿ ಕಲಿಯಲು ಅರೆಬರೆ ಸುತ್ತಿದ ಫ್ಯಾನೊಂದನ್ನು ಮನೆಗೆ ಕೊಡಬೇಕಂತೆ.

"ಇಷ್ಟೆಲ್ಲ ಯಾಕಜ್ಜಿ ಹಟ? ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದಲ್ಲ" ಎಂದೆ.

"ಅವಳು ಎಂಟನೇ ಕ್ಲಾಸಲ್ಲಿದ್ದಾಗ ನಾನು ಜಾರಿ ಬಿದ್ದು ಕಾಲು ಮುರ್ಕೊಂಡೆ ಮೇಷ್ಟ್ರೇ. 'ನಾಲ್ಕು ದಿನ ಮನೇಲಿರು ಪುಟ್ಟಿ, ಆಮೇಲೆ ಸ್ಕೂಲಿಗೆ ಹೋಗುವೆಯಂತೆ' ಅಂದೆ. ನನ್ನ ಕಾಲು ಕೂಡಿಕೊಂಡಿತು. ಅವಳ ನಾಲ್ಕು ದಿನ ಮಾತ್ರ ಆರು ವರ್ಷ ಆದ್ರೂ ಮುಗೀಲಿಲ್ಲ." ಕನ್ನಡಕ ತೆಗೆದು ಚೀಲಕ್ಕೆ ಹಾಕಿದರು. "ಆವಾಗ ಅವಳ ಬೆಂಚಲ್ಲಿ ಯಾರೂ ಹೋಗಿ ಕೂರಲಿಲ್ಲ ನೋಡಿ."

ನಾನು ಫ್ಯಾನನ್ನು ಹಳೇ ಬಟ್ಟೆಯಲ್ಲಿ ಕಟ್ಟಿಕೊಟ್ಟೆ.

ಐದನೆಯ ದಿನ ಪುಟ್ಟಿ ಬಂದಳು, ಕಣ್ಣು ಇನ್ನೂ ಕೆಂಪಗೆ. ಅಜ್ಜಿ ಬಾಗಿಲ ಹೊರಗೇ ನಿಂತರು. ಬೆಳಿಗ್ಗೆ ಕೂತ ಹುಡುಗಿ ತಲೆಯೆತ್ತಿದ್ದು ಮಧ್ಯಾಹ್ನಕ್ಕೆ. ಬೆರಳು ತಂತಿಯನ್ನು ಹುಡುಕುತ್ತಲೇ ಇರಲಿಲ್ಲ, ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಫ್ಯಾನನ್ನು ಮೇಲೆ ತೂಗುಹಾಕಿ ಸ್ವಿಚ್ ಒತ್ತಿದಳು. ತಿರುಗಿತು! ಗಡಿಯಾರ ಚಪ್ಪಾಳೆ ಹೊಡೆದ.

ಕೆಳಗೆ ಕೂತಿದ್ದ ಮೇಡಂ ಹಣೆ ಒರೆಸಿಕೊಂಡರು. "ತಿರುಗೋದು ಕಾಣ್ತಿದೆ. ಗಾಳಿ ಎಲ್ಲಿ?"

ಫ್ಯಾನು ಹಿಮ್ಮುಖವಾಗಿ ತಿರುಗುತ್ತಿತ್ತು. ಗಾಳಿಯೆಲ್ಲ ಸೂರಿಗೆ.

"ಸೂರಿಗೆ ಸೆಖೆ ಆಗಿತ್ತೇನೋ ಪಾಪ" ಎಂದ ಗಡಿಯಾರ. ಯಾರೂ ನಗಲಿಲ್ಲ.

ಅಜ್ಜಿಯ ಮುಖ ಬಾಡಿಹೋಯಿತು. "ಅಯ್ಯೋ, ನಾನೇ ತಪ್ಪು ಹೇಳಿಕೊಟ್ಟೆ ಮೇಡಂ! ಹೊಡೆಯೋದಾದ್ರೆ ನನ್ನ ಹೆಸರು ಹೊಡೀರಿ."

"ನಿಮ್ಮ ಹೆಸರು ಬರೆದಿದ್ರೆ ತಾನೇ ಹೊಡೆಯೋದು" ಎಂದರು ಮೇಡಂ. ಆದರೂ ಪೆನ್ನಿನ ಮುಚ್ಚಳ ತೆಗೆದರು.

ನನ್ನ ನಾಲಿಗೆ ತುದಿಯಲ್ಲಿ ಉತ್ತರವಿತ್ತು. ಕಚ್ಚಿ ಹಿಡಿದೆ. ಪುಟ್ಟಿ ನನ್ನತ್ತ ನೋಡಲೂ ಇಲ್ಲ. ಸ್ವಿಚ್ ಆರಿಸಿ, ಮೇಜು ಹತ್ತಿ, ಫ್ಯಾನಿನ ಮುಚ್ಚಳ ಸರಿಸಿದಳು. ಒಂದು ಗಳಿಗೆ ಕಣ್ಣು ಮುಚ್ಚಿ, ಎದುರಿಗೆ ಯಾರೋ ಕೂತಿರುವ ಹಾಗೆ ಎರಡೂ ಕೈ ಗಾಳಿಯಲ್ಲಿ ಆಡಿಸಿದಳು. ಆಮೇಲೆ ನಕ್ಕಳು.

"ಅಜ್ಜೀ, ನೀನು ಹೇಳಿದ್ದು ಸರಿಯಾಗೇ ಇತ್ತು. ನೀನು ನನ್ನ ಎದುರಿಗೆ ಕೂತು ಎಡಗೈ ತಂತಿ, ಬಲಗೈ ತಂತಿ ಅಂದೆ. ನಿನ್ನ ಎಡ ನನಗೆ ಬಲ ಅಲ್ವಾ? ಕಣ್ಣಿಗೆ ಪಟ್ಟಿ ಇತ್ತು, ಬಣ್ಣ ನೋಡೋಕೆ ಆಗಲಿಲ್ಲ."

ಎರಡು ತಂತಿ ಅದಲುಬದಲು ಮಾಡಿ ಇಳಿದು ಸ್ವಿಚ್ ಒತ್ತಿದಳು. ತಣ್ಣನೆಯ ಗಾಳಿ ನಮ್ಮೆಲ್ಲರ ನೆತ್ತಿಯ ಮೇಲೆ ಬಿತ್ತು.

"ತಪ್ಪು ಮಾಡೋದನ್ನ ಅಜ್ಜಿ ಕಲಿಸಿದ್ರು, ತಿದ್ದೋದನ್ನ ಯಾರು ಕಲಿಸಿದ್ರಮ್ಮ?" ಎಂದರು ಮೇಡಂ.

"ಅದನ್ನೂ ನಾನೇ ಅಂತ ಬರೆದುಕೊಳ್ಳಿ" ಎಂದರು ಅಜ್ಜಿ, ಬಾಗಿಲಿನಿಂದ. ಆಮೇಲೆ ದನಿ ಇಳಿಸಿ, "ಹಾಗಾದ್ರೆ ನಾಳೆಯಿಂದ ನಾನು ಬರೋದು ಬೇಡ?"

"ಕಾಯೋರು ಇಪ್ಪತ್ತು ಜನ ಇದ್ದಾರೆ. ನಿಮ್ಮದು ಇಪ್ಪತ್ತೊಂದು."

ಮೇಡಂ ಬರೆಯಲು ಹಾಜರಿ ಪುಸ್ತಕ ತೆರೆದರು. ಫ್ಯಾನಿನ ಗಾಳಿಗೆ ಹಾಳೆಗಳು ಪಟಪಟನೆ ಮಗುಚತೊಡಗಿದವು. ಅಜ್ಜಿ ಚಪ್ಪಲಿ ಬಿಟ್ಟು ಒಳಗೆ ಬಂದು, ಮೊಮ್ಮಗಳ ಹೆಸರಿದ್ದ ಹಾಳೆಯನ್ನು ಹುಡುಕಿ, ಅಂಗೈಯಿಂದ ಒತ್ತಿ ಹಿಡಿದು ನಿಂತರು.