ನಾಲಿಗೆಯ ಪಾಠ

ಪಿತ್ತಕೋಶದ ಆಪರೇಷನ್ನಿಗೆಂದು ಪನಮರಂನಿಂದ ಘಾಟಿ ಇಳಿದು ಈ ದೊಡ್ಡ ಮೆಡಿಕಲ್ ಕಾಲೇಜಿಗೆ ಬಂದ ಗುಣವತಿಯವರಿಗೆ ಎರಡು ದಿನದಿಂದ ಗ್ಲೂಕೋಸ್ ಬಾಟಲಿಯೊಂದೇ ಗತಿ. ನಿನ್ನೆ ಹಗಲೆಲ್ಲ ಉಪವಾಸ ಇರಿಸಿ, ಕತ್ತಲಾದ ಮೇಲೆ ಆಪರೇಷನ್ ಮುಂದೂಡಿ, ಈಗ ಊಟ ಮಾಡಿ ಎಂದಿದ್ದರು. ಹೊತ್ತು ಮುಳುಗಿದ ಮೇಲೆ ಹನಿ ನೀರನ್ನೂ ಮುಟ್ಟದ ಜೈನರ ಮನೆಯ ಹೆಂಗಸು ಅವರು. ಬೆಳಗಾದರೆ ಮತ್ತೆ ಆಪರೇಷನ್ನಿನ ಉಪವಾಸ.

ಇವತ್ತೂ ಆಪರೇಷನ್ ನಾಳೆಗೆ ಹೋಯಿತು. ಆದರೆ ಐದೂವರೆಗೇ ಹೇಳಿದ್ದರಿಂದ ವಾರ್ಡಿನ ಗೋಡೆಯ ಮೇಲೆ ಇನ್ನೂ ಬಿಸಿಲಿತ್ತು. ಮಗಳು ಜಿನಶ್ರೀ ಓಡಿಹೋಗಿ ಗಂಜಿ ತಂದಳು. ಬಟ್ಟಲು ತುಟಿಗೆ ತಾಗುವಷ್ಟರಲ್ಲಿ ಮಲಯಾಳಿ ಪ್ರೊಫೆಸರು ಹತ್ತು ವಿದ್ಯಾರ್ಥಿಗಳೊಂದಿಗೆ ಮಂಚದ ಬಳಿ ಬಂದು ನಿಂತರು.

"ಅಮ್ಮೇ, ಕುಡೀಬೇಡಿ. ಒಣಗಿದ ನಾಲಿಗೆ ಹೇಗಿರ್ತದೆ ಅಂತ ಇವರಿಗೆ ತೋರಿಸ್ಬೇಕು."

"ಸಾರೇ, ಹೊತ್ತು ಮುಳುಗ್ತದೆ," ಎಂದಳು ಜಿನಶ್ರೀ. "ಆಮೇಲೆ ಅವ್ವ ಏನೂ ಮುಟ್ಟೋದಿಲ್ಲ."

"ಮುಳುಗಲಿ ಮೋಳೇ, ಗಂಜಿಗೇನು ಕಾಲಿದೆಯಾ ಓಡಿಹೋಗೋಕೆ?"

ವಿದ್ಯಾರ್ಥಿಗಳು ನಕ್ಕರು. ಒಬ್ಬೊಬ್ಬರಾಗಿ ಬಂದು ಬಾಯೊಳಗೆ ಟಾರ್ಚು ಬಿಟ್ಟು ನೋಡಿದರು, ಮುಂಗೈಯ ಚರ್ಮ ಎತ್ತಿ ಬಿಟ್ಟು ಅದು ಎಷ್ಟು ನಿಧಾನವಾಗಿ ಇಳಿಯುತ್ತದೆಂದು ಪರೀಕ್ಷಿಸಿದರು. ಬಾಯಿ ತೆರೆದುಕೊಂಡೇ ಗುಣವತಿ ಗೋಡೆಯತ್ತ ಕಣ್ಣಿಟ್ಟಿದ್ದರು. ಏಳನೆಯವನ ಹೊತ್ತಿಗೆ ಬಿಸಿಲು ಸೂರಿಗೆ ಏರಿತು. ಹತ್ತನೆಯವಳು ಬಂದಾಗ ಅಲ್ಲಿಯೂ ಇರಲಿಲ್ಲ.

"ಆಯ್ತು ಅಮ್ಮೇ, ಇನ್ನು ಕುಡೀರಿ."

"ಹೊತ್ತು ಹೋಯ್ತಲ್ಲ ಸಾರೇ," ಎಂದು ಗುಣವತಿ ಬಟ್ಟಲನ್ನು ಮಗಳ ಕೈಗೆ ಕೊಟ್ಟರು.

"ನೋಡಿದಿರಾ?" ಪ್ರೊಫೆಸರು ವಿದ್ಯಾರ್ಥಿಗಳತ್ತ ತಿರುಗಿದರು. "ನಾಲಿಗೆ ಒಣಗೋಕೆ ಕಾರಣ ಏನು ಅಂತ ಬರ್ಕೊಳ್ಳಿ."

ಹತ್ತನೆಯವಳು ತುಂಬಿದ ಬಟ್ಟಲನ್ನು ನೋಡಿ ಬರೆದಳು: ರೋಗಿ ಆಹಾರ ನಿರಾಕರಿಸುತ್ತಾರೆ.